ಮಕ್ಕಳು ಯಾರ ಮನೆಯಲ್ಲಿ ಮಲಗಿದರು: ಡಿವೋರ್ಸ್ ಆದಮೇಲಿನ ಟ್ಯಾಕ್ಸ್ ಲೆಕ್ಕ

2025ರ ಫೆಬ್ರವರಿಯಲ್ಲಿ ನಾನು ಕಳಿಸಿದ ಟ್ಯಾಕ್ಸ್ ರಿಟರ್ನ್ ಅದೇ ದಿನ ವಾಪಸ್ ಬಂತು. ಸಂಬಳ, ಬ್ಯಾಂಕ್ ಬಡ್ಡಿ ಎಲ್ಲ ಸರಿಯಿತ್ತು. ತಕರಾರು ಇದ್ದದ್ದು ಮಗಳ ಹೆಸರಿನ ಮುಂದೆ. ಈ ಸೋಶಿಯಲ್ ಸೆಕ್ಯೂರಿಟಿ ನಂಬರನ್ನು ಈಗಾಗಲೇ ಬೇರೆಯವರು ತಮ್ಮ ಡಿಪೆಂಡೆಂಟ್ (ಅವಲಂಬಿತರು) ಎಂದು ತೋರಿಸಿದ್ದಾರೆ, ಆದ್ದರಿಂದ ಸ್ವೀಕರಿಸಲಾಗದು ಎಂದು ಬರೆದಿತ್ತು. ಆ ಬೇರೆಯವರು ಯಾರು ಅಂತ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನವರು ಹೇಳುವುದಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಡಿವೋರ್ಸ್ ಆಗಿದ್ದು 2023ರಲ್ಲಿ. ಮಗಳು ದೊಡ್ಡವಳು, ಮಗ ಅವಳಿಗಿಂತ ಐದು ವರ್ಷ ಚಿಕ್ಕವನು. ಮಕ್ಕಳು ನನ್ನ ಜೊತೆ ಇರುತ್ತಾರೆ. ವಾರ ಬಿಟ್ಟು ವಾರ ಶುಕ್ರವಾರ ಮತ್ತು ಶನಿವಾರದ ರಾತ್ರಿ ಅವರಪ್ಪನ ಮನೆ. ಪ್ರತಿ ಬುಧವಾರ ಸಂಜೆ ಅಪ್ಪ ಬಂದು ಊಟಕ್ಕೆ ಕರೆದುಕೊಂಡು ಹೋಗಿ ಒಂಬತ್ತರ ಒಳಗೆ ತಂದು ಬಿಡುತ್ತಾರೆ. ಬೇಸಿಗೆ ರಜೆ ಇಬ್ಬರಿಗೂ ಅರ್ಧರ್ಧ. ಇದನ್ನೆಲ್ಲ ಒಪ್ಪಂದದಲ್ಲಿ ಬರೆದುಕೊಂಡಿದ್ದೆವು. ಟ್ಯಾಕ್ಸಿನ ಬಗ್ಗೆಯೂ ಅದರಲ್ಲಿ ಎರಡು ಸಾಲು ಇತ್ತು. ಮಗಳನ್ನು ನಾನು ತೋರಿಸಬೇಕು, ಮಗನನ್ನು ಅವರು. ಮಗಳ ವಯಸ್ಸು ಮೀರಿದ ಮೇಲೆ ಮಗನನ್ನು ಇಬ್ಬರೂ ವರ್ಷ ಬಿಟ್ಟು ವರ್ಷ ತೋರಿಸಬೇಕು. ಇಬ್ಬರ ವಕೀಲರೂ ಇದು ಸಮಪಾಲು, ಜಗಳಕ್ಕೆ ಜಾಗವಿಲ್ಲ ಅಂದಿದ್ದರು. ಮೊದಲ ವರ್ಷ ಹಾಗೇ ನಡೆಯಿತು. ಎರಡನೇ ವರ್ಷ ಮಕ್ಕಳ ಅಪ್ಪನ ರಿಟರ್ನ್ ಮಾಡಿಕೊಟ್ಟವರು ಎರಡೂ ಮಕ್ಕಳನ್ನು ಸೇರಿಸಿಬಿಟ್ಟಿದ್ದರು.

ಸಿಟ್ಟು ಬಂದಿದ್ದು ನಿಜ. ಆದರೆ ಅದಕ್ಕಿಂತ ಜಾಸ್ತಿ ಭಯ ಆಯಿತು. ಇಷ್ಟು ಕಷ್ಟಪಟ್ಟು ಕೋರ್ಟಿನಲ್ಲಿ ಮುಗಿಸಿಕೊಂಡು ಬಂದ ವಿಷಯ ಮತ್ತೆ ಶುರುವಾದರೆ ಮಕ್ಕಳ ಗತಿ ಏನು ಅನ್ನೋ ಭಯ. ಈ ಸಲ ಏನೇ ಆಗಲಿ, ಮಕ್ಕಳ ಕಿವಿಗೆ ಬೀಳಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಸ್ನೇಹಿತೆಯೊಬ್ಬಳು ಒಬ್ಬ ಸಿಪಿಎ (ಊರಿನಲ್ಲಿ ಸಿಎ ಅನ್ನುವ ಹಾಗೆ) ಹತ್ತಿರ ಕಳಿಸಿದಳು. ಧಾರವಾಡದ ಕಡೆಯವರು, ವಯಸ್ಸಾದವರು. ನಾನು ಆ ಒಪ್ಪಂದ ಇದ್ದ ಡಿಕ್ರಿಯ (ಕೋರ್ಟಿನ ಡಿವೋರ್ಸ್ ಆದೇಶದ) ಪ್ರತಿಯನ್ನು ಮುಂದಿಟ್ಟೆ. ಅವರು ಅದನ್ನು ತೆರೆಯಲೇ ಇಲ್ಲ. "ಇದು ಆಮ್ಯಾಲೆ ನೋಡೂಣು ಅಕ್ಕಾರ. ಮೊದಲ ಹೇಳ್ರಿ, ಹ್ವಾದ ವರ್ಷ ಹುಡುಗರು ಯಾರ ಮನ್ಯಾಗ ಎಷ್ಟು ರಾತ್ರಿ ಮಲಗ್ಯಾರ?"

ನಾನು ಅಲ್ಲಿಯವರೆಗೂ ಕೋರ್ಟ್ ಹೇಳಿದ್ದೇ ಕೊನೆ ಮಾತು ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಡಿವೋರ್ಸ್ ಕೊಡುವುದು ರಾಜ್ಯದ ಕೋರ್ಟು. ಫೆಡರಲ್ ಟ್ಯಾಕ್ಸ್ ನಡೆಯುವುದು ಫೆಡರಲ್ ಕಾನೂನಿನ ಮೇಲೆ. ಆ ಕಾನೂನಿನ ಪ್ರಕಾರ ವರ್ಷದಲ್ಲಿ ಯಾರ ಜೊತೆ ಮಗು ಹೆಚ್ಚು ರಾತ್ರಿ ಕಳೆದಿದೆಯೋ ಅವರೇ ಕಸ್ಟೋಡಿಯಲ್ ಪೇರೆಂಟ್. ಮಗುವನ್ನು ತೋರಿಸುವ ಹಕ್ಕು ಮೊದಲು ಅವರದ್ದು. ಡಿಕ್ರಿಯಲ್ಲಿ ಯಾರ ಹೆಸರಿದೆ, ಚೈಲ್ಡ್ ಸಪೋರ್ಟ್ (ಮಕ್ಕಳ ಖರ್ಚಿಗೆ ತಿಂಗಳು ತಿಂಗಳೂ ಕೊಡುವ ಹಣ) ಯಾರು ಕಟ್ಟುತ್ತಾರೆ, ಇದ್ಯಾವುದನ್ನೂ ಐಆರ್‌ಎಸ್ ಕೇಳುವುದಿಲ್ಲ. ರಾತ್ರಿಗಳು ಸರಿಸಮ ಆದರೆ ಯಾರ ಆದಾಯ ಜಾಸ್ತಿಯೋ ಅವರಿಗೆ. 365 ದಿನದ ವರ್ಷದಲ್ಲಿ ಸರಿಸಮ ಆಗುವುದು ಅಪರೂಪ, ಸಾಮಾನ್ಯವಾಗಿ ಯಾರಿಗಾದರೂ ಒಂದು ರಾತ್ರಿ ಹೆಚ್ಚು ಬರುತ್ತದೆ. 2024 ಅಧಿಕ ವರ್ಷ. ಮಕ್ಕಳನ್ನು ವಾರ ವಾರ ಹಂಚಿಕೊಂಡವರಿಗೆ 183, 183 ಆಗಿ ತಲೆನೋವು ತಂದ ವರ್ಷ ಅದು ಅಂತ ಅವರು ಹೇಳಿದರು.

"ಹಂಗಾದ್ರ ಈ ಡಿಕ್ರಿ ಸುಳ್ಳಾ?" ಅಂತ ನನಗೂ ಅವರ ಧಾಟಿಯೇ ಬಂದುಬಿಟ್ಟಿತ್ತು. ಸುಳ್ಳಲ್ಲ. ಅದು ನನ್ನ ಮತ್ತು ಮಕ್ಕಳ ಅಪ್ಪನ ನಡುವಿನ ಕಟ್ಟುಪಾಡು. ಯಾರಾದರೂ ಮುರಿದರೆ ಫ್ಯಾಮಿಲಿ ಕೋರ್ಟಿಗೆ ಹೋಗಬಹುದು. ಆದರೆ ಐಆರ್‌ಎಸ್‌ಗೆ ಬೇಕಾದದ್ದು ಬೇರೆ ಕಾಗದ. ಅದರ ಹೆಸರು ಫಾರ್ಮ್ 8332. ಮಗು ಹೆಚ್ಚು ರಾತ್ರಿ ಇರುವ ಮನೆಯವರು "ಈ ವರ್ಷ ಈ ಮಗುವನ್ನು ನಾನು ತೋರಿಸುವುದಿಲ್ಲ" ಅಂತ ಸಹಿ ಹಾಕಿ ಕೊಡಬೇಕು. ಇನ್ನೊಬ್ಬರು ಅದನ್ನು ತಮ್ಮ ರಿಟರ್ನಿಗೆ ಲಗತ್ತಿಸಬೇಕು. ಹಿಂದೆಲ್ಲ ಡಿಕ್ರಿಯ ಒಂದೆರಡು ಪುಟ ಲಗತ್ತಿಸಿದರೂ ನಡೆಯುತ್ತಿತ್ತಂತೆ. 2008ರ ನಂತರದ ಡಿಕ್ರಿಗಳಿಗೆ ಆ ದಾರಿ ಇಲ್ಲ. ಫಾರ್ಮೇ ಬೇಕು.

ಮಗನ ವಿಷಯದಲ್ಲಿ ನಾನು ಎರಡು ವರ್ಷವೂ ಈ ಫಾರ್ಮಿಗೆ ಸಹಿ ಹಾಕಿ ಕೊಟ್ಟಿದ್ದೆ. ವಕೀಲರ ಆಫೀಸಿನವರು ಕಳಿಸಿದ್ದರು, ಓದಿ ಸಹಿ ಮಾಡಿದ್ದೆ. ಮಗಳಿಗೆ ಅಂಥ ಫಾರ್ಮ್ ಯಾವತ್ತೂ ಕೊಟ್ಟಿಲ್ಲ. ಹಾಗಾಗಿ ರಾತ್ರಿಗಳ ಲೆಕ್ಕ ತೋರಿಸಿದರೆ ಸಾಕು, ನನ್ನ ಕಡೆ ಗಟ್ಟಿ ಇದೆ ಅಂದರು ಸಿಪಿಎ.

ಆ ಲೆಕ್ಕ ನಮ್ಮ ಅಡುಗೆಮನೆ ಗೋಡೆ ಮೇಲೆ ಇತ್ತು. ಪ್ರತಿ ವರ್ಷ ಊರಿಂದ ಯಾರಾದರೂ ಬರುವಾಗ ಅಮ್ಮ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸುರುಳಿ ಸುತ್ತಿ ಕಳಿಸುತ್ತಾಳೆ. ಮೈಸೂರಿನ ಮನೆಯಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ ನಾನು ಮಕ್ಕಳ ಲೆಕ್ಕ ಬರೆಯುತ್ತಿದ್ದೆ. ಅಪ್ಪನ ಮನೆಗೆ ಹೋದ ರಾತ್ರಿಗೆ ಆ ದಿನದ ಚೌಕದ ಮೂಲೆಯಲ್ಲಿ ನೀಲಿ ಪೆನ್ನಲ್ಲಿ "ಅ". ಟ್ಯಾಕ್ಸಿಗೆ ಅಂತ ಅಲ್ಲ. ಯಾವ ವಾರ ಯಾರ ಸರದಿ ಅಂತ ಮಗನಿಗೆ ಗೊತ್ತಾಗಲಿ ಅಂತ. ಅವನಿಗೆ ಓದೋಕೆ ಬರುತ್ತಿದ್ದ ಮೊದಲ ಕನ್ನಡ ಅಕ್ಷರವೂ ಅದೇ. ತಿಥಿ, ನಕ್ಷತ್ರದ ಸಣ್ಣ ಅಕ್ಷರಗಳ ಪಕ್ಕ ಆ "ಅ"ಗಳನ್ನು ತಿಂಗಳು ತಿಂಗಳೂ ಎಣಿಸಿದಾಗ ಲೆಕ್ಕ ಸ್ಪಷ್ಟವಾಯಿತು. ಇನ್ನೂರಕ್ಕೂ ಹೆಚ್ಚು ರಾತ್ರಿ ಮಕ್ಕಳು ನನ್ನ ಮನೆಯಲ್ಲೇ ಇದ್ದರು.

ಎಣಿಸುವಾಗಲೇ ಪ್ರಶ್ನೆಗಳು ಹುಟ್ಟಿದ್ದು. ಬುಧವಾರದ ಊಟ ಲೆಕ್ಕಕ್ಕೆ ಬರುತ್ತಾ? ಇಲ್ಲ, ಮಲಗಿದ್ದು ಇಲ್ಲಿ. ಮಗಳು ಗೆಳತಿಯ ಮನೆಯಲ್ಲಿ ಮಲಗಿದ ರಾತ್ರಿ? ಆ ರಾತ್ರಿ ಅವಳು ಮಾಮೂಲಿನಂತೆ ಯಾರ ಮನೆಯಲ್ಲಿ ಇರಬೇಕಿತ್ತೋ ಅವರ ಲೆಕ್ಕಕ್ಕೆ. ಡಿಸೆಂಬರ್ 31ರ ರಾತ್ರಿ? ರಾತ್ರಿ ಶುರುವಾದ ವರ್ಷಕ್ಕೆ ಸೇರುತ್ತದೆ. ನಾನು ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋಗಿ, ಅಮ್ಮ ಇಲ್ಲಿದ್ದು ಮಕ್ಕಳನ್ನು ನೋಡಿಕೊಂಡ ರಾತ್ರಿಗಳು? ನನ್ನ ಮನೆಯಲ್ಲೇ ಮಲಗಿದ್ದರಿಂದ ಅವು ನನ್ನವೇ.

ನಮ್ಮಂಥವರಿಗೆ ಮುಖ್ಯವಾದದ್ದು ಬೇಸಿಗೆ ರಜೆ. ಆ ವರ್ಷ ಶಾಲೆ ಮುಗಿದ ಕೂಡಲೇ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ನಾನು ರಜೆ ಮುಗಿಸಿ ವಾಪಸ್ ಬಂದೆ, ಮಕ್ಕಳು ಇನ್ನೂ ಕೆಲವು ವಾರ ಅಜ್ಜಿ ತಾತನ ಜೊತೆ ಉಳಿದರು. ನಾನು ಜೊತೆಗಿದ್ದ ರಾತ್ರಿಗಳು ನನ್ನ ಲೆಕ್ಕ, ಅದರಲ್ಲಿ ಗೊಂದಲವಿಲ್ಲ. ಅಪ್ಪ ಅಮ್ಮ ಇಬ್ಬರೂ ಜೊತೆಗಿಲ್ಲದ ರಾತ್ರಿಗಳು, ಮಕ್ಕಳು ಇಲ್ಲೇ ಇದ್ದಿದ್ದರೆ ಯಾರ ಮನೆಯಲ್ಲಿ ಇರಬೇಕಿತ್ತೋ ಅವರಿಗೆ. ಒಪ್ಪಂದದ ಪ್ರಕಾರ ಜುಲೈ ಕೊನೆಯ ಭಾಗ ಅವರಪ್ಪನದು. ಆ ರಾತ್ರಿಗಳಿಗೆ ನಾನೇ "ಅ" ಬರೆದೆ, ಮಕ್ಕಳು ಮಲಗಿದ್ದು ನನ್ನ ಅಮ್ಮನ ಮನೆಯಲ್ಲಿ ಆದರೂ. ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಮಕ್ಕಳು ಬೇಸಿಗೆಯಲ್ಲಿ ಊರಿಗೆ ಹೋಗುತ್ತಾರೆ. ಅರ್ಧರ್ಧ ಹಂಚಿಕೊಂಡವರಿಗೆ ಈ ಒಂದು ನಿಯಮದಿಂದ ಲೆಕ್ಕ ಆ ಕಡೆ ಈ ಕಡೆ ಆಗಿಬಿಡಬಹುದು. ರಜೆ ಯಾರ ಪಾಲಿನದು ಅನ್ನುವುದನ್ನು ಟಿಕೆಟ್ ಮಾಡಿಸುವ ಮೊದಲೇ ಮೆಸೇಜಿನಲ್ಲಾದರೂ ಬರೆದಿಟ್ಟುಕೊಳ್ಳಿ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಲ್ಲ ಕಣೇ, ಮಕ್ಕಳು ಎಲ್ಲಿ ಮಲಗಿದ್ರು ಅಂತ ಸರ್ಕಾರದೋರು ಲೆಕ್ಕ ಕೇಳ್ತಾರಾ?" ಅಂದಳು. ಬ್ಯಾಂಕಿನಲ್ಲಿದ್ದು ರಿಟೈರ್ ಆದ ಅಪ್ಪ ಪಕ್ಕದಿಂದ, "ನಮ್ಮಲ್ಲಿ ಸ್ಕೂಲ್ ಫೀಸ್ 80ಸಿ ಕೆಳಗೆ ತೋರಿಸ್ತಿದ್ವಿ, ಅಷ್ಟೇ" ಅಂದರು. ನಿಜ, ಭಾರತದಲ್ಲಿ ಮಕ್ಕಳಿದ್ದಾರೆ ಅಂತ ಟ್ಯಾಕ್ಸಿನಲ್ಲಿ ಹೀಗೆ ನೇರವಾಗಿ ಕಡಿತ ಸಿಗುವುದಿಲ್ಲ. ಇಲ್ಲಿ 2024ಕ್ಕೆ 17 ತುಂಬದ ಪ್ರತಿ ಮಗುವಿಗೆ 2,000 ಡಾಲರ್‌ವರೆಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್. ಕಟ್ಟಬೇಕಾದ ಟ್ಯಾಕ್ಸಿನಲ್ಲೇ ಕಳೆಯುವ ಮೊತ್ತ ಅದು. 2025ರಿಂದ 2,200. ಒಂದೇ ಸಂಬಳದಲ್ಲಿ ಮನೆ ನಡೆಸುವವರಿಗೆ ಅದು ದೊಡ್ಡ ಮೊತ್ತ.

ಸಿಪಿಎ ಹೇಳಿದ ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ನೆಮ್ಮದಿ ಕೊಟ್ಟಿತು. ಫಾರ್ಮ್ 8332ಕ್ಕೆ ಸಹಿ ಹಾಕಿದರೆ ಆ ಮಗುವಿನ ಎಲ್ಲ ಅನುಕೂಲವನ್ನೂ ಬಿಟ್ಟುಕೊಟ್ಟ ಹಾಗೆ ಅಲ್ಲ. ಬಿಟ್ಟುಕೊಡುವುದು ಡಿಪೆಂಡೆಂಟ್ ಅನ್ನುವುದನ್ನು ಮತ್ತು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ಟನ್ನು. ಹೆಡ್ ಆಫ್ ಹೌಸ್‌ಹೋಲ್ಡ್ ಅನ್ನುವ ಸ್ಥಾನ (ಒಂಟಿಯಾಗಿ ಮನೆ ನಡೆಸುವವರ ಟ್ಯಾಕ್ಸ್ ವರ್ಗ) ಮಗು ಹೆಚ್ಚು ದಿನ ಇರುವ ಮನೆಯವರಿಗೇ ಉಳಿಯುತ್ತದೆ, ಆ ಮನೆಯ ಖರ್ಚಿನ ಅರ್ಧಕ್ಕಿಂತ ಹೆಚ್ಚು ಅವರು ಭರಿಸುತ್ತಿದ್ದರೆ. 2024ಕ್ಕೆ ಇದರ ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಹಾಕುವ ಮೊದಲು ಆದಾಯದಲ್ಲಿ ಕಳೆಯುವ ಮೊತ್ತ) 21,900 ಡಾಲರ್. ಸಿಂಗಲ್ ಅಂತ ಹಾಕಿದರೆ 14,600. ಮಗನ ಆಫ್ಟರ್ ಸ್ಕೂಲ್ ಕೇರ್‌ಗೆ ನಾನು ಕಟ್ಟುವ ಹಣದ ಮೇಲಿನ ಕ್ರೆಡಿಟ್ ಕೂಡ ನನ್ನದೇ, ಅವನನ್ನು ಅವರಪ್ಪ ಡಿಪೆಂಡೆಂಟ್ ಅಂತ ತೋರಿಸಿದರೂ. ಅವನಿಗೆ 13 ತುಂಬುವವರೆಗೆ ಇದು ಸಿಗುತ್ತದೆ. ಈ ಅನುಕೂಲಗಳನ್ನು ಇನ್ನೊಬ್ಬರಿಗೆ ಸಹಿ ಮಾಡಿ ಕೊಡೋಕೂ ಬರುವುದಿಲ್ಲ. ನಾನು ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ, ಮಗುವನ್ನು ಬಿಟ್ಟುಕೊಟ್ಟೆ ಅಂದರೆ ಎಲ್ಲ ಹೋಯಿತು ಅಂದುಕೊಂಡು ಸಿಂಗಲ್ ಅಂತ ರಿಟರ್ನ್ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ರಿಟರ್ನ್ ಹಾಕುವುದು ಹೇಗೆ? ಮುಂಚೆ ಇಂಥ ಸಂದರ್ಭದಲ್ಲಿ ಕಾಗದದ ರಿಟರ್ನ್ ಅಂಚೆಯಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. 2025ರಿಂದ ಒಂದು ಹೊಸ ದಾರಿ ಆಗಿದೆ. ರಿಟರ್ನ್ ಹಾಕುವವರ ಹತ್ತಿರ ಐಪಿ ಪಿನ್ ಇದ್ದರೆ, ಮಗುವನ್ನು ಬೇರೆಯವರು ಮೊದಲೇ ತೋರಿಸಿದ್ದರೂ ಇ-ಫೈಲ್ ಸ್ವೀಕರಿಸುತ್ತಾರೆ. ಇದು ಆರು ಅಂಕಿಯ ಗುಟ್ಟಿನ ನಂಬರ್, ವರ್ಷ ವರ್ಷವೂ ಬದಲಾಗುತ್ತದೆ. ಐಆರ್‌ಎಸ್ ಸೈಟಿನಲ್ಲಿ ಖಾತೆ ತೆರೆದು, ಗುರುತಿನ ಚೀಟಿ ಮತ್ತು ಮುಖ ತೋರಿಸಿ ಪಡೆದುಕೊಂಡೆ. ಅದನ್ನು ಹಾಕಿ ಮತ್ತೆ ಕಳಿಸಿದಾಗ ರಿಟರ್ನ್ ಹೋಯಿತು. ಮಕ್ಕಳಿಗೂ ಇಂಥ ಪಿನ್ ತೆಗೆದುಕೊಳ್ಳಬಹುದು. ಆಗ ಆ ಪಿನ್ ಇಲ್ಲದೆ ಯಾರೂ ಮಗುವನ್ನು ಇ-ಫೈಲ್‌ನಲ್ಲಿ ತೋರಿಸಲು ಆಗುವುದಿಲ್ಲ. ಮಗಳಿಗೆ ಮಾಡಿಸಿದೆ.

ರಿಟರ್ನ್ ಸ್ವೀಕಾರ ಆಯಿತು ಅಂದರೆ ವಿಷಯ ಮುಗಿಯಿತು ಅಂತಲ್ಲ. ಇಬ್ಬರೂ ಒಂದೇ ಮಗುವನ್ನು ತೋರಿಸಿರುವುದು ಐಆರ್‌ಎಸ್‌ಗೆ ಗೊತ್ತಿರುತ್ತದೆ. ಕೆಲವು ತಿಂಗಳಾದ ಮೇಲೆ ಸಿಪಿ87ಎ ಅನ್ನುವ ಪತ್ರ ಬಂತು. ನಿಮ್ಮ ಡಿಪೆಂಡೆಂಟನ್ನು ಇನ್ನೊಬ್ಬರೂ ತೋರಿಸಿದ್ದಾರೆ, ನಿಮ್ಮದು ಸರಿ ಇದ್ದರೆ ಏನೂ ಮಾಡಬೇಕಿಲ್ಲ, ತಪ್ಪಿದ್ದರೆ 1040-ಎಕ್ಸ್ ಹಾಕಿ ತಿದ್ದಿಕೊಳ್ಳಿ ಅನ್ನುವ ಪತ್ರ ಅದು. ಯಾರೂ ತಿದ್ದದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಆಡಿಟ್ ಮಾಡಬಹುದು. ಪತ್ರ ನೋಡಿ ಗಾಬರಿಯಾಗಿ, ಜಗಳ ಬೇಡ ಅಂತ ತಾವೇ ತಿದ್ದಿ ದುಡ್ಡು ವಾಪಸ್ ಕಟ್ಟಿದ ಒಬ್ಬರು ನನಗೆ ಗೊತ್ತು. ಮಗು ಪೂರ್ತಿ ವರ್ಷ ಅವರ ಹತ್ತಿರವೇ ಇತ್ತು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಆ ಪತ್ರ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ.

ನಾನು ಏನೂ ತಿದ್ದಲಿಲ್ಲ. ಆದರೆ ದಾಖಲೆಗಳನ್ನು ಒಂದು ಕಡೆ ಸೇರಿಸಿಟ್ಟೆ. ಕ್ಯಾಲೆಂಡರ್ ನಮ್ಮ ಸ್ವಂತ ಬರಹ, ಅದೊಂದೇ ಸಾಲದು. ಮಗುವಿನ ಹೆಸರು, ನನ್ನ ಹೆಸರು, ಇಬ್ಬರದೂ ಒಂದೇ ವಿಳಾಸ, ಎಂದಿನಿಂದ ಎಂದಿನವರೆಗೆ, ಇಷ್ಟೂ ಇರುವ ಪತ್ರ ಬೇಕು. ಶಾಲೆ, ಡಾಕ್ಟರು, ಡೇಕೇರ್, ದೇವಸ್ಥಾನದವರು ಕೂಡ ಲೆಟರ್‌ಹೆಡ್ಡಿನಲ್ಲಿ ಕೊಡಬಹುದು. ಶಾಲೆಯ ಆಫೀಸಿನಲ್ಲಿ ಪತ್ರ ಕೇಳಿದೆ. ಅವರು ಆಗ ನಡೆಯುತ್ತಿದ್ದ ವರ್ಷದ್ದು ಮಾತ್ರ ಬರೆದುಕೊಡಲು ಹೊರಟಿದ್ದರು. ಶಾಲೆಯ ವರ್ಷ ಸೆಪ್ಟೆಂಬರಿನಿಂದ ಜೂನ್, ಟ್ಯಾಕ್ಸಿನ ವರ್ಷ ಜನವರಿಯಿಂದ ಡಿಸೆಂಬರ್. 2024ಕ್ಕೆ ಸಾಕ್ಷಿ ಬೇಕು ಅಂದರೆ ಎರಡು ಶಾಲಾ ವರ್ಷಗಳ ದಾಖಲೆ ಬೇಕಾಗುತ್ತದೆ. ಆಫೀಸಿನ ಆ ಹೆಂಗಸು ನನ್ನ ಮುಖ ನೋಡಿದರು, ಇನ್ನೇನೂ ಕೇಳಲಿಲ್ಲ, ಹಳೇ ದಾಖಲೆ ತೆಗೆದು ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಿ ಸಹಿ ಹಾಕಿ ಕೊಟ್ಟರು. ಮಕ್ಕಳ ಡಾಕ್ಟರ ಆಫೀಸಿನಿಂದ ಭೇಟಿಗಳ ಪಟ್ಟಿ ಬಂತು.

ಅದೇ ವಾರ ಮಕ್ಕಳ ಅಪ್ಪನ ಫೋನ್ ಬಂತು. "ಇದೇನು, ಐಆರ್‌ಎಸ್‌ಗೆ ನೀನು ಕಂಪ್ಲೇಂಟ್ ಮಾಡಿದ್ಯಾ?"

"ನಾನೇನೂ ಕಂಪ್ಲೇಂಟ್ ಮಾಡಿಲ್ಲ. ನಿಮಗೆ ಬಂದಿರೋ ಪತ್ರಾನೇ ನನಗೂ ಬಂದಿದೆ" ಅಂದೆ.

ತಿಂಗಳು ತಪ್ಪದೆ ದುಡ್ಡು ಕಟ್ಟುತ್ತಿದ್ದೇನೆ, ಇಬ್ಬರು ಮಕ್ಕಳನ್ನೂ ಹಾಕಬಹುದು ಅಂತ ರಿಟರ್ನ್ ಮಾಡಿದವರು ಹೇಳಿದರು ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಚೈಲ್ಡ್ ಸಪೋರ್ಟ್ ಒಂದು ತಿಂಗಳೂ ತಪ್ಪಿಸಿದವರಲ್ಲ. ಆ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಕೊಡುವವರಿಗೆ ಟ್ಯಾಕ್ಸಿನಲ್ಲಿ ಕಡಿತವಾಗುವುದಿಲ್ಲ, ಪಡೆಯುವವರಿಗೆ ಆದಾಯವೂ ಅಲ್ಲ ಅಂತ ಹೇಳಿದೆ. ಕ್ಯಾಲೆಂಡರಿನ ಹನ್ನೆರಡೂ ಪುಟಗಳ ಫೋಟೋ ಕಳಿಸಿದೆ. ಮೈಸೂರಿನ ಆ ವಾರಗಳನ್ನು ಅವರ ಲೆಕ್ಕಕ್ಕೇ ಹಾಕಿದ್ದೇನೆ ನೋಡಿ ಅಂತಲೂ ಬರೆದೆ. ಆಮೇಲೆ ಮಾತಿನ ದನಿ ಬದಲಾಯಿತು. ಅವರು ಬೇರೆ ಸಿಪಿಎ ಹತ್ತಿರ ತೋರಿಸಿದರು. ಮಗಳನ್ನು ತೋರಿಸಿದ್ದು ಮಾತ್ರವಲ್ಲ, ಮಗನ ಫಾರ್ಮ್ ಇಟ್ಟುಕೊಂಡು ಹೆಡ್ ಆಫ್ ಹೌಸ್‌ಹೋಲ್ಡ್ ಅಂತ ಹಾಕಿದ್ದೂ ಸರಿಯಿಲ್ಲ ಅಂತ ಅಲ್ಲಿ ಗೊತ್ತಾಯಿತು. 1040-ಎಕ್ಸ್ ಹಾಕಿ, ಕ್ರೆಡಿಟ್ಟಿನ ಹಣ ಮತ್ತು ಬಡ್ಡಿ ಕಟ್ಟಿದರು. ಮಕ್ಕಳಿಗೆ ಇದು ಯಾವುದೂ ಗೊತ್ತಾಗಲಿಲ್ಲ. ನನಗೆ ದುಡ್ಡಿಗಿಂತ ಅದೇ ಹೆಚ್ಚು.

ಡಿವೋರ್ಸಿನ ಮಾತುಕತೆಯಲ್ಲಿ ಇರುವವರಿಗೆ ಇನ್ನೆರಡು ವಿಷಯ ಹೇಳಲೇಬೇಕು.

"ಒಬ್ಬರಿಗೆ ಒಂದು ಮಗು" ಅನ್ನುವುದು ಯಾವಾಗಲೂ ಸಮಪಾಲಲ್ಲ. ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಸಿಗಬೇಕಾದರೆ ಮಗುವಿಗೆ ಕೆಲಸಕ್ಕೆ ಸಲ್ಲುವ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇರಬೇಕು. ನಮ್ಮ ಮಗಳು ಹುಟ್ಟಿದ್ದು ಬೆಂಗಳೂರಿನಲ್ಲಿ. ಗ್ರೀನ್ ಕಾರ್ಡ್ ಬರುವವರೆಗೆ ಅವಳಿಗೆ ಐಟಿಐಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್ ಸಿಗದವರಿಗೆ ಟ್ಯಾಕ್ಸಿಗೆಂದು ಕೊಡುವ ನಂಬರ್) ಮಾತ್ರ ಇತ್ತು, ಸಿಗುತ್ತಿದ್ದದ್ದು 500 ಡಾಲರಿನ ಇನ್ನೊಂದು ಕ್ರೆಡಿಟ್. ಡಿವೋರ್ಸಿನ ಹೊತ್ತಿಗೆ ಅವಳಿಗೂ ನಂಬರ್ ಬಂದಿತ್ತು, ಹಾಗಾಗಿ ನಮಗೆ ತೊಂದರೆಯಾಗಲಿಲ್ಲ. ದೊಡ್ಡ ಮಗು ಅಲ್ಲಿ ಹುಟ್ಟಿ, ಚಿಕ್ಕದು ಇಲ್ಲಿ ಹುಟ್ಟಿದ ಎಚ್1ಬಿ ಮನೆಗಳಲ್ಲಿ ಒಂದು ಮಗುವಿಗೆ 500, ಇನ್ನೊಂದಕ್ಕೆ 2,000ಕ್ಕೂ ಹೆಚ್ಚು ಆಗುತ್ತದೆ. ಆದಾಯವನ್ನೂ ನೋಡಬೇಕು. ಸಿಂಗಲ್ ಅಥವಾ ಹೆಡ್ ಆಫ್ ಹೌಸ್‌ಹೋಲ್ಡ್‌ಗೆ 2,00,000 ಡಾಲರ್ ದಾಟಿದ ಮೇಲೆ ಪ್ರತಿ 1,000ಕ್ಕೆ 50ರಂತೆ ಕ್ರೆಡಿಟ್ ಇಳಿಯುತ್ತದೆ. 2024ರ ಲೆಕ್ಕದಲ್ಲಿ ಒಂದು ಮಗು ಇದ್ದವರಿಗೆ 2,40,000ಕ್ಕೆ ಪೂರ್ತಿ ಖಾಲಿ. ಐಟಿಯಲ್ಲಿ ಅಷ್ಟು ಸಂಬಳ ಇರುವವರು ಹಠ ಹಿಡಿದು ಮಗುವನ್ನು ತಮ್ಮ ಹೆಸರಿಗೆ ಬರೆಸಿಕೊಂಡರೆ ಇಬ್ಬರಿಗೂ ಏನೂ ಸಿಗುವುದಿಲ್ಲ. ಯಾರಿಗೆ ಸಿಗುತ್ತದೋ ಅವರು ತೆಗೆದುಕೊಂಡು ಮಕ್ಕಳ ಖರ್ಚಿಗೆ ಹಾಕುವುದು ಒಳ್ಳೆಯದಲ್ವಾ?

ಫಾರ್ಮ್ 8332ರಲ್ಲಿ ಮುಂದಿನ ಎಲ್ಲ ವರ್ಷಗಳಿಗೂ ಒಟ್ಟಿಗೆ ಬಿಟ್ಟುಕೊಡುವ ಜಾಗವಿದೆ. ಅದನ್ನು ತುಂಬಬೇಡಿ, ವರ್ಷ ವರ್ಷ ಕೊಡಿ. ಬಿಟ್ಟುಕೊಟ್ಟದ್ದನ್ನು ಅದೇ ಫಾರ್ಮಿನಲ್ಲಿ ಹಿಂತೆಗೆದುಕೊಳ್ಳಬಹುದು. ಆದರೆ ಇನ್ನೊಬ್ಬರಿಗೆ ತಿಳಿಸಿದ ವರ್ಷದ ಮರುವರ್ಷದಿಂದ ಮಾತ್ರ ಅದು ಜಾರಿಗೆ ಬರುತ್ತದೆ. "ಸಪೋರ್ಟ್ ಬಾಕಿ ಇಲ್ಲದಿದ್ದರೆ ಮಾತ್ರ" ಅನ್ನುವಂಥ ಷರತ್ತನ್ನು ಡಿಕ್ರಿಯಲ್ಲಿ ಬರೆಯಬಹುದು. ಐಆರ್‌ಎಸ್‌ಗೆ ಕೊಡುವ ಕಾಗದದಲ್ಲಿ ಷರತ್ತು ಇರಕೂಡದು.

2025ರ ಡಿಸೆಂಬರಿನಲ್ಲಿ ಮಗನ ಫಾರ್ಮಿಗೆ ಸಹಿ ಹಾಕಿ ಕೊಟ್ಟೆ, ಆ ಒಂದು ವರ್ಷಕ್ಕೆ. ಅವರಪ್ಪ ಮಗನೊಬ್ಬನನ್ನೇ ತೋರಿಸಿ ಸಿಂಗಲ್ ಅಂತ ರಿಟರ್ನ್ ಹಾಕಿದರು. ಇಬ್ಬರದ್ದೂ ಸಲೀಸಾಗಿ ಹೋಯಿತು. ಇನ್ನು ಒಂದು ಬಾಕಿ ಇದೆ. ಒಪ್ಪಂದದಲ್ಲಿ "ಮಗಳ ವಯಸ್ಸು ಮೀರಿದ ಮೇಲೆ" ಅಂತಿದೆ, ಯಾವ ವಯಸ್ಸು ಅಂತ ಇಲ್ಲ. 17 ತುಂಬಿದ ವರ್ಷ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ನಿಲ್ಲುತ್ತದೆ. ಆದರೆ ಓದುತ್ತಿದ್ದರೆ 24 ತುಂಬುವ ವರ್ಷದ ಹಿಂದಿನವರೆಗೂ ಡಿಪೆಂಡೆಂಟ್ ಆಗಿರಬಹುದು. ಮಗನ ಸರದಿ ಯಾವಾಗ ಶುರುವಾಗುತ್ತದೆ ಅನ್ನುವುದು ಇದರ ಮೇಲೆ ನಿಂತಿದೆ. ಅವಳಿಗೆ 17 ಆಗುವುದರೊಳಗೆ ಇದನ್ನು ತಿದ್ದಿಕೊಳ್ಳೋಣ ಅಂತ ನಾನೇ ಕೇಳಿದೆ, ಅವರೂ ಒಪ್ಪಿದರು. ವಯಸ್ಸು 17 ಎಂದು, ಫಾರ್ಮ್ 8332 ಪ್ರತಿ ಜನವರಿ 31ರೊಳಗೆ ಕೊಡಬೇಕು ಎಂದು, ಊರಿನ ರಜೆಯ ರಾತ್ರಿಗಳು ಯಾರ ಪಾಲು ಎಂದು ಹೆಸರಿಟ್ಟು ಬರೆಸುತ್ತಿದ್ದೇವೆ. ಕರಡು ಈಗ ಇಬ್ಬರ ವಕೀಲರ ಹತ್ತಿರ ಇದೆ.